ಎರಡು ಟಾಲ್ಮನ್ ಕೌಂಟಿ, ಒಂದು ಪೈ

ಹೊಳೆಯ ಈ ದಡದಲ್ಲೊಂದು ಟಾಲ್ಮನ್ ಕೌಂಟಿ, ಆ ದಡದಲ್ಲೊಂದು ಟಾಲ್ಮನ್ ಕೌಂಟಿ. ಜಿಲ್ಲೆ ಎರಡು, ರಾಜ್ಯ ಬೇರೆ, ಹೆಸರು ಒಂದೇ. ಜನರಲ್ ಟಾಲ್ಮನ್ ಎಂಬಾತ ಯುದ್ಧದಲ್ಲಿ ಸೋತು ಓಡುವಾಗ ಒಂದು ರಾತ್ರಿ ಈಚೆ ಮಲಗಿದ್ದ, ಮರುರಾತ್ರಿ ಆಚೆ. ಅಷ್ಟಕ್ಕೇ ಎರಡೂ ಕಡೆಯವರು ಅವನ ಹೆಸರಿಟ್ಟುಕೊಂಡು, ಮೊದಲು ಇಟ್ಟವರು ನಾವೇ ಎಂದು ಇವತ್ತಿಗೂ ಕಿತ್ತಾಡುತ್ತಾರೆ.

ಈ ದಡದ ಡೆಲ್ಮರ್ ಹಚಿನ್ಸ್‌ಗೆ ಆ ಜಗಳ ಬೇಕಿರಲಿಲ್ಲ. ಅವನಿಗೆ ಬೇಕಾಗಿದ್ದುದು ಲೋರ್ನಾ. ಅದಕ್ಕೆ ಅವಳ ತಾಯಿ ಮಿಸೆಸ್ ಬ್ರಾಡಕ್ ಒಪ್ಪಬೇಕಿತ್ತು. ಅವರು ಕೌಂಟಿ ಮೇಳದಲ್ಲಿ ವರ್ಷ ವರ್ಷವೂ ಹಿಟ್ಟಿನ ಹೊದಿಕೆಯೊಳಗೆ ಪೀಚ್ ಹಣ್ಣು ತುಂಬಿ ಬೇಯಿಸುವ ಪೈ ಮಾಡಿ ಮೊದಲ ಬಹುಮಾನದ ನೀಲಿ ರಿಬ್ಬನ್ ಗೆಲ್ಲುವವರು. ಆ ಪೈ ಮನೆಯವರ ಬಾಯಿಗೇ ಬೀಳುತ್ತಿರಲಿಲ್ಲ. ಡೆಲ್ಮರ್ ಬಾಯಿಗಂತೂ ದೂರದ ಮಾತು.

ಈ ವರ್ಷ ಪೈ ಸ್ಪರ್ಧೆಯ ತೀರ್ಪುಗಾರನ ಪಟ್ಟ ಡೆಲ್ಮರ್ ತಲೆಗೇ ಬಂತು.

“ಆಯಮ್ಮಂಗೆ ಕೊಟ್ರೆ ಅತ್ತೆ ಅಂತ ಕೊಟ್ಟ ಅಂತೀವಿ,” ಎಂದ ಪಕ್ಕದ ಮನೆಯ ಬರ್ಲ್. “ಕೊಡದಿದ್ರೆ ಹುಡುಗಿ ಇಲ್ಲ. ಅನುಭವಿಸು ಮಾರಾಯ!”

ಆಚೆ ದಡದಲ್ಲೂ ಅದೇ ದಿನ ಮೇಳ. ಬೆಳಿಗ್ಗೆ ಡೆಲ್ಮರ್ ಅಲ್ಲಿಯ ತೀರ್ಪುಗಾರನಿಗೆ ಗುಟ್ಟಾಗಿ ಫೋನ್ ಮಾಡಿದ. ಅವನದೂ ಇದೇ ಪಾಡು: ಹೆಂಡತಿ, ಅಕ್ಕ ಇಬ್ಬರೂ ಪೈ ಮಾಡಿದ್ದರು.

“ನೀವು ಇಲ್ಲಿಗೆ ಬನ್ನಿ ಸಾರ್, ನಾನು ಅಲ್ಲಿಗೆ ಬರ್ತೀನಿ.”

“ದೇವ್ರು ಕಳಿಸ್ದಂಗೆ ಫೋನ್ ಮಾಡಿದ್ರಿ ಕಣ್ರೀ! ಟಾಲ್ಮನ್ ಕೌಂಟಿಯವನಾಗಿರ್ಬೇಕು ಅಂತ ನಿಯಮ. ಯಾವ ಟಾಲ್ಮನ್ ಅಂತ ಯಾರೂ ಹೇಳಿಲ್ವಲ್ಲ.”

ಸೇತುವೆ ದಾಟಿದ ಮೇಲೆ ಗುರುತಿನ ಒಂದು ಮುಖವೂ ಕಾಣಲಿಲ್ಲ. ತಟ್ಟೆಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಹುಟ್ಟಿದಾಗಿನಿಂದ ನೆರೆಹೊರೆಯವರ ಅಡುಗೆ ಹೊಗಳಿ ಹೊಗಳಿ ಸುಸ್ತಾಗಿದ್ದ ಡೆಲ್ಮರ್‌ಗೆ ನಿಜ ಹೇಳುವ ಸುಖ ಮೊದಲ ಸಲ ಸಿಕ್ಕಿತು. ಎಲ್ಲ ತಟ್ಟೆಗಳ ರುಚಿ ನೋಡಿ ಮೈಕು ಹಿಡಿದ.

“ಏಳನೇ ತಟ್ಟೆ. ಹಳೇ ಬೂಟು ಅಗಿದಂಗಿದೆ. ಪೀಚ್ ಹಾಕಿದಾರೋ, ಮರೆತಿದಾರೋ, ಮಾಡಿದೋರನ್ನೇ ಕೇಳ್ಬೇಕು. ಇವರ ಮನೇಗೆ ಊಟಕ್ಕೆ ಕರೆದ್ರೆ ಹೊಟ್ಟೆನೋವು ಅಂತ ಹೇಳ್ಬಿಡಿ!”

ಡೇರೆ ತುಂಬ ನಗು. ಯಾರೋ ಶಿಳ್ಳೆ ಹೊಡೆದರು. ಡೆಲ್ಮರ್ ಟೋಪಿ ತೆಗೆದು ಬಗ್ಗಿ ವಂದಿಸಿ ತಲೆಯೆತ್ತಿದ.

ಹಿಂದಿನ ಸಾಲಿನಿಂದ ಮಿಸೆಸ್ ಬ್ರಾಡಕ್ ಎದ್ದು ಬರುತ್ತಿದ್ದರು. ಬೆನ್ನ ಹಿಂದೆ ಲೋರ್ನಾ. ಸೀದಾ ಮೇಜಿನ ಬಳಿ ಬಂದು ಅವರು ಏಳನೇ ತಟ್ಟೆಯನ್ನು ಎತ್ತಿಕೊಂಡರು.

“ನೀವು... ಇಲ್ಲಿ?” ಎಂದ ಡೆಲ್ಮರ್.

“ಅಲ್ಲಿ ತೀರ್ಪು ಹೇಳೋನು ನೀನು ಅಂದ್ರು. ನಾನು ಗೆದ್ರೆ, ಅಳಿಯ ಆಗೋನು ಗೆಲ್ಲಿಸ್ದ ಅಂತ ಜನ ಆಡ್ಕೋತಾರಲ್ಲಾ! ಅದಕ್ಕೇ ಇಲ್ಲಿಗೆ ತಂದೆ. ನಾನೂ ಟಾಲ್ಮನ್ ಕೌಂಟಿಯವಳೇ ತಾನೇ?”

ಅವರು ತಟ್ಟೆಗೆ ಬಟ್ಟೆ ಮುಚ್ಚಿ, ಮಗಳ ಕೈ ಹಿಡಿದುಕೊಂಡರು.

“ಇನ್ನು ಆ ಚಿಂತೆ ಇಲ್ಲ ಬಿಡಪ್ಪಾ.”