ಹಿಮದ ದ್ವೀಪದ ಬಂಡೆ, ನಮ್ಮ ಬಾವಿಯ ಬಂಡೆ

ಕಲ್ಲು ಓದಿದವನು, ಅಂದರೆ ಭೂವಿಜ್ಞಾನ ಕಲಿತವನು, ನಗೆಪಾಟಲಾಗಲು ಬೇರೆ ಕಾರಣ ಬೇಕಿಲ್ಲ. ಊರಿಗೆ ಹೋದರೆ ಸಾಕು. ನಮ್ಮೂರು ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಹತ್ತಿರ. ಇದು ಎಪ್ಪತ್ತರ ದಶಕದ ಮಾತು.

ಹೊರಡುವ ಮುಂಚೆ

ವಿದೇಶದ ತಂಡವೊಂದು ಉತ್ತರ ಧ್ರುವದ ಕಡೆಯ ಒಂದು ದ್ವೀಪದ ತಳಬಂಡೆ ನೋಡಲು ಹೊರಟಿತ್ತು. ಅದರಲ್ಲಿ ನನಗೂ ಜಾಗ ಸಿಕ್ಕಿತು. ತಳಬಂಡೆ ಅಂದರೆ ಮಣ್ಣೆಲ್ಲ ಮುಗಿದ ಮೇಲೆ ಸಿಗುವ ಬಂಡೆ. ಬಾವಿ ತೋಡುವಾಗ ಹಾರೆ ಠಣ್ ಅನ್ನುತ್ತದಲ್ಲ, ಅದೇ. ಇಷ್ಟನ್ನೂ ಅಪ್ಪನಿಗೆ ವಿವರಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಕಲ್ಲು ನೋಡಕ್ಕೆ ಅಷ್ಟು ದೂರ ಯಾಕಪ್ಪಾ? ನಮ್ಮ ಹೊಲದ ತುಂಬಾ ಐತೆ. ಆರಿಸಿ ಬದುವಿಗೆ ಹಾಕು. ನೀನು ಓದ್ದಂಗೂ ಆಯ್ತು, ಹೊಲ ಹಸನಾದಂಗೂ ಆಯ್ತು" ಅಂದರು.

ಅಪರೂಪದ ಪುಡಿ

ಆ ದ್ವೀಪದಲ್ಲಿ ಮರವಿಲ್ಲ, ಬೆಳೆಯಿಲ್ಲ. ಬೇಸಿಗೆಯಲ್ಲಿ ಹಿಮ ಕರಗಿದ ಕಡೆ ಬರೀ ಬಂಡೆ. ಬೂದು ಮೈ, ಬಿಳಿ ಪಟ್ಟೆ. ನಾವು ತುಣುಕು ಒಡೆದು, ಬಟ್ಟೆ ಚೀಲಕ್ಕೆ ತುಂಬಿ, ನಂಬರ್ ಹಾಕುತ್ತಿದ್ದೆವು. ಅಮ್ಮ ಕಟ್ಟಿಕೊಟ್ಟ ರಾಗಿ ಹುರಿಹಿಟ್ಟೂ ಬಟ್ಟೆ ಚೀಲದಲ್ಲೇ ಇತ್ತು. ಒಂದು ದಿನ ನೋಡಿದರೆ ಅದಕ್ಕೂ ನಂಬರ್ ಬಿದ್ದಿದೆ. ತಂಡದ ಮುಖ್ಯಸ್ಥರು ಹಿಟ್ಟನ್ನು ಬೆರಳಲ್ಲಿ ಉಜ್ಜಿ, "ಈ ದ್ವೀಪದಲ್ಲಿ ಇಂಥದ್ದು ಯಾರಿಗೂ ಸಿಕ್ಕಿಲ್ಲ. ಎಲ್ಲಿತ್ತು?" ಅಂತ ಮೆಲ್ಲಗೆ ಕೇಳಿದರು. ನಾನು ಅವರೆದುರಿಗೇ ಸಕ್ಕರೆ, ನೀರು ಹಾಕಿ ಕಲಸಿ ತಿಂದುಬಿಟ್ಟೆ. ಅವತ್ತಿನಿಂದ ಕಲ್ಲಿನ ಚೀಲಗಳಿದ್ದ ಪೆಟ್ಟಿಗೆಗೆ ಬೀಗ ಬಿತ್ತು.

ಅಮ್ಮನ ಶುಚಿ

ಬರುವಾಗ ಆ ಮುಖ್ಯಸ್ಥರನ್ನೇ ಕೇಳಿ ಒಂದು ತುಣುಕು ತಂದೆ. ಅದರ ಮೇಲೆ ಬಣ್ಣದಲ್ಲಿ ನಂಬರ್ ಬರೆದಿತ್ತು. ಆ ಕಲ್ಲು ಎಲ್ಲಿಯದು ಅನ್ನುವುದಕ್ಕೆ ಗುರುತು ಅದೊಂದೇ. ಅಮ್ಮ, "ಯಾರ್ಯಾರು ಮುಟ್ಟಿದ್ರೋ ಏನೋ" ಅಂತ ಬೂದಿ, ತೆಂಗಿನ ನಾರು ಹಾಕಿ ಉಜ್ಜಿ ನಂಬರನ್ನೇ ತೆಗೆದುಬಿಟ್ಟರು. ಅಪ್ಪ ಅದನ್ನು ಜಗಲಿಯ ಮೇಲಿಟ್ಟು, "ನನ್ನ ಮಗ ತಂದಿದ್ದು" ಅಂತ ಬಂದವರಿಗೆಲ್ಲ ತೋರಿಸತೊಡಗಿದರು. ಕಲ್ಲು ನೋಡಿದವರಿಗೆ ಮಾತ್ರ ಕಾಫಿ.

ಯಾವುದು ಯಾವುದು

ಪಕ್ಕದ ಹೊಲದ ಗೌಡರಿಗೆ ಇದನ್ನು ಸಹಿಸಲಾಗಲಿಲ್ಲ. ಒಂದು ಭಾನುವಾರ ನಮ್ಮ ಬಾವಿಯ ಬಳಿ ಬಿದ್ದಿದ್ದ, ಅಷ್ಟೇ ಗಾತ್ರದ ಕಲ್ಲೊಂದನ್ನು ತಂದು ನನ್ನ ಕಲ್ಲಿನ ಪಕ್ಕಕ್ಕಿಟ್ಟರು. ಎರಡನ್ನೂ ಬೆನ್ನ ಹಿಂದೆ ಹಿಡಿದು ಅದಲುಬದಲು ಮಾಡಿ, ಜನರ ಮುಂದೆ, "ಈಗ ಹೇಳಪ್ಪಾ, ನಿಂದ್ಯಾವುದು?" ಅಂದರು.

ಎರಡೂ ಬೂದು, ಎರಡಕ್ಕೂ ಬಿಳಿ ಪಟ್ಟೆ. ಇದರಲ್ಲಿ ಅವಮಾನವೇನಿಲ್ಲ. ನಮ್ಮ ಕಡೆಯ ಬಂಡೆಯೂ ಅದೂ ಒಂದೇ ಜಾತಿ, ಇಂಥ ಪಟ್ಟೆಬಂಡೆಗೆ ಭೂವಿಜ್ಞಾನದಲ್ಲಿ ನೈಸ್ ಅನ್ನುತ್ತಾರೆ. ಎರಡೂ ಬಹಳ ಬಹಳ ಹಳೆಯವು. "ಕಾಗದದಷ್ಟು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು" ಅಂದೆ.

"ಗೊತ್ತಿಲ್ಲ ಅನ್ನು ಮತ್ತೆ" ಅಂದರು ಗೌಡರು. "ಇಮಾನ ಹತ್ತಿ ಹೋಗಿ ನಮ್ಮೂರ ಬಾವಿ ಕಲ್ಲು ತಂದವ್ನೆ."

ಎಲ್ಲರೂ ನಕ್ಕರು. ನನಗೆ ಅಪ್ಪನ ಮುಖ ನೋಡಲಾಗಲಿಲ್ಲ.

ಅಪ್ಪ ಎದ್ದು ಬಂದರು. ಎರಡರ ಮೇಲೂ ಕೈಯಿಟ್ಟು, ಒಂದನ್ನು ಎತ್ತಿ, "ಇದೇ. ಇನ್ನೂ ತಣ್ಣಗೈತೆ, ನೋಡ್ರಪ್ಪಾ" ಅಂದರು. ಒಬ್ಬೊಬ್ಬರಾಗಿ ಮುಟ್ಟಿದರು. "ಹೌದಲ್ಲಾ, ತಣ್ಣಗೈತೆ." ಕೊನೆಗೆ ಗೌಡರೂ ಮುಟ್ಟಿ, ಕೈ ಹಿಂದಕ್ಕೆಳೆದುಕೊಂಡು, "ಐಸ್ ಇದ್ದಂಗೈತಲ್ಲಯ್ಯಾ" ಅಂದರು.

ಎಲ್ಲರೂ ಹೋದ ಮೇಲೆ ಕೇಳಿದೆ: "ಅಲ್ಲಿಯ ಚಳಿ ಇಲ್ಲಿವರೆಗೂ ಉಳಿಯಲ್ಲಪ್ಪಾ. ನಿಮಗೆ ಹೆಂಗೆ ಗೊತ್ತಾಯ್ತು?"

"ಓದಿರೋ ನಿಂಗೇ ಗೊತ್ತಾಗ್ಲಿಲ್ಲ, ನಂಗೆ ಹೆಂಗೆ ಗೊತ್ತಾಗುತ್ತೋ?" ಅಂದರು ಅಪ್ಪ. "ಗೌಡ್ರಿಗೆ ಚಳಿ ಆಯ್ತಲ್ಲ, ಸಾಕು ಬಿಡು."