ಮುಖಿಯಾರ ಬಾಯಿ, ನನ್ನ ಮಾತು

ಕೆಲವರಿಗೆ ಹುಟ್ಟಿದಾಗಿನಿಂದ ಶನಿ ಬೆನ್ನು ಹತ್ತಿರುತ್ತಾನಂತೆ. ನನ್ನ ಬೆನ್ನು ಹತ್ತಿದ್ದು ತರ್ಜುಮೆ. ಗಂಟಲು ಒಣಗಿಸಿಕೊಂಡವನು ನಾನು, ಹೊಗಳಿಸಿಕೊಂಡವರು ಬೇರೆಯವರು. ಒಂದು ಸಲ ಆಗಿದ್ದರೆ ಹಾಳಾಗಿ ಹೋಗಲಿ ಅಂತ ಬಿಟ್ಟುಬಿಡುತ್ತಿದ್ದೆ, ಯಾತ್ರೆಯ ಕಾಲ ಬಂತೆಂದರೆ ವಾರವಾರವೂ ಇದೇ ಕಥೆ.

ಎಪ್ಪತ್ತರ ದಶಕದ ಮಾತು. ನಮ್ಮದು ಕಾಶಿಯ ಕೇದಾರ ಘಾಟಿನ ಪುರೋಹಿತರ ಮನೆ, ತಾತನ ಕಾಲಕ್ಕೆ ಕರ್ನಾಟಕದಿಂದ ಬಂದು ಇಲ್ಲೇ ನೆಲೆ ನಿಂತದ್ದು. ಶ್ರಾದ್ಧ, ತರ್ಪಣ ಮಾಡಿಸುವ ಕೆಲಸ ಅಣ್ಣನಿಗೆ ಹೋಯಿತು. ನನ್ನ ನಾಲಿಗೆಯ ಮೇಲೆ ಮಂತ್ರ ನಿಲ್ಲುತ್ತಿರಲಿಲ್ಲ, ಹರಟೆ ಮಾತ್ರ ಚೆನ್ನಾಗಿ ನಿಲ್ಲುತ್ತಿತ್ತು. ಹಾಗಾಗಿ ಯಾತ್ರಿಕರನ್ನು ಸುತ್ತಿಸುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಗಲ್ಲಿಯ ಛತ್ರದಲ್ಲಿ ಊಟಕ್ಕೆ ಹಾಕುತ್ತಿದ್ದದ್ದು ಮುತ್ತುಗದ ಎಲೆ. ಒಂದು ದಿನ ಯಾರೋ ಯಾತ್ರಿಕರು, ಈ ಎಲೆ ಎಲ್ಲಿಂದ ಬರುತ್ತೆ ಅಂತ ಕೇಳಿದರು. ಚಕಿಯಾ ಕಡೆಯ ಕಾಡಿನಿಂದ ಬರುತ್ತೆ, ಅಲ್ಲಿ ಕೋಲ್ ಅನ್ನುವ ಆದಿವಾಸಿ ಜನ ಹಚ್ಚಿ ಕಳಿಸುತ್ತಾರೆ ಅಂತ ಛತ್ರದ ಮ್ಯಾನೇಜರು ಹೇಳಿದರು. ನಾವೂ ಹೋಗಿ ನೋಡಬಹುದಾ ಅಂದರು ಅವರು. ಮ್ಯಾನೇಜರು ಇಂಥದ್ದನ್ನು ಬಿಡುವವರೇ ಅಲ್ಲ. ಬೆಳಿಗ್ಗೆ ದೋಣಿಯಲ್ಲಿ ಘಾಟುಗಳು, ಆಮೇಲೆ ಬಸ್ಸಿನಲ್ಲಿ ಕಾಡು, ಜಲಪಾತ, ಕೋಲ್ ಜನರ ಹಾಡಿ, ಅವರ ಬದುಕಿನ ಪರಿಚಯ, ಸಂಜೆಗೆ ವಾಪಸ್ಸು ಅಂತ ಒಂದು ದಿನದ ಪ್ರವಾಸ ಶುರು ಮಾಡಿಯೇಬಿಟ್ಟರು.

ಕಾಡು ತೋರಿಸುವವರು ಹಾಡಿಯ ಹಿರಿಯರೊಬ್ಬರು. ಎಲ್ಲರೂ ಅವರನ್ನು ಮುಖಿಯಾ ಅನ್ನುತ್ತಿದ್ದರು, ನಮ್ಮ ಯಾತ್ರಿಕರ ಬಾಯಲ್ಲಿ ಯಜಮಾನರು. ಅವರು ಭೋಜಪುರಿಯಲ್ಲಿ ಹೇಳಬೇಕು, ನಾನು ಕನ್ನಡಕ್ಕೆ ತಿರುಗಿಸಬೇಕು. ನನಗಿಂತ ದೊಡ್ಡವರು, ಆದ್ದರಿಂದ ನಾನು ಬಾಯಲ್ಲಿ ಬಹುವಚನ ಬಿಟ್ಟವನಲ್ಲ. ಹೊಟ್ಟೆ ಉರಿದ ದಿನ ಮನಸ್ಸಿನಲ್ಲೇ ಏಕವಚನ ಬಳಸಿಕೊಳ್ಳುತ್ತಿದ್ದೆ.

ಇಪ್ಪೆ ಮರ

ಯಾತ್ರಿಕರನ್ನು ಮೊದಲನೇ ಸಲ ಕರೆದುಕೊಂಡು ಹೋದಾಗ ಮುಖಿಯಾ ನಮ್ಮನ್ನೆಲ್ಲ ಒಂದು ದೊಡ್ಡ ಮರದ ಕೆಳಗೆ ನಿಲ್ಲಿಸಿದರು. ಕೊಂಬೆ ನೋಡಿದರು, ಬೇರು ನೋಡಿದರು, ಗಂಟಲು ಸರಿಮಾಡಿಕೊಂಡರು. ಏನೋ ದೊಡ್ಡದು ಬರುತ್ತದೆ ಅಂತ ನಾನು ಉಸಿರು ಬಿಗಿಹಿಡಿದು ನಿಂತೆ.

"ಈ ಮಹುವಾ ಹ" ಅಂದರು. ಮುಗಿಯಿತು, ತಂಬಾಕು ತಿಕ್ಕಲು ಶುರು ಮಾಡಿದರು.

ಬಸ್ಸು ತುಂಬ ಬಂದ ಜನ ನನ್ನ ಬಾಯನ್ನೇ ನೋಡುತ್ತಿದ್ದಾರೆ. ಅಷ್ಟು ದೂರ ಕುಲುಕಿಸಿಕೊಂಡು ಬಂದವರಿಗೆ 'ಇದು ಇಪ್ಪೆ ಮರ' ಅಂತ ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಪ್ರವಾಸ ಶುರುವಾಗುವ ಮುಂಚೆ ಮ್ಯಾನೇಜರ ಜೊತೆ ಒಂದು ಸಲ ಹೋದಾಗ ಹಾಡಿಯ ಹೆಂಗಸರಿಂದ ಕೇಳಿದ್ದನ್ನೆಲ್ಲ ನೆನಪು ಮಾಡಿಕೊಂಡೆ. ಹೂ ಉದುರುವ ಕಾಲಕ್ಕೆ ಬೆಳಕು ಹರಿಯುವ ಮುಂಚೆ ಬುಟ್ಟಿ ಹಿಡಿದು ಬರುವುದು, ಅದೇ ಹೂವಿಗೆ ಕರಡಿಯೂ ಬರುವುದು, ಹೆಣ್ಣು ಹುಟ್ಟಿದ ಮನೆಯವರು ಈ ಮರಕ್ಕೆ ಕೈಮುಗಿಯುವುದು. ಅದಕ್ಕೆ ನನ್ನದೂ ಸ್ವಲ್ಪ ಒಗ್ಗರಣೆ ಹಾಕಿದೆ. ಕರಡಿ ಬಂದದ್ದನ್ನು ಹೇಳುವಾಗ ನಾನೇ ಕರಡಿಯಾಗಿ ಒಂದು ಸುತ್ತು ಹಾಕಿದೆ. ಜನ ನಕ್ಕೂ ನಕ್ಕೂ ಸುಸ್ತಾದರು.

ತುಮಕೂರಿನ ಅಜ್ಜಿಯೊಬ್ಬರು ಕಣ್ಣೊರೆಸಿಕೊಳ್ಳುತ್ತಾ ಮುಂದೆ ಬಂದರು. ಎಷ್ಟು ರಸವತ್ತಾಗಿ ಹೇಳುತ್ತಾರಪ್ಪಾ ಈ ಯಜಮಾನರು ಅಂತ, ದಾರಿಗೆಂದು ಕಟ್ಟಿಕೊಂಡು ಬಂದಿದ್ದ ಕೋಡುಬಳೆ ಪೊಟ್ಟಣವನ್ನು ಇಡಿಯಾಗಿ ಮುಖಿಯಾರ ಕೈಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. ನನಗೂ ಏನಾದರೂ ಇರುತ್ತದೆ ಅಂತ ಕೈ ಚಾಚುವುದರಲ್ಲಿದ್ದೆ.

"ನೀವು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿ ಮಗೂ, ಅವರು ಹೇಳಿದ್ದು ಹಿಂದಿದ್ದವರಿಗೆ ಕೇಳಿಸ್ತಿಲ್ಲ" ಅಂದರು.

ಸಾರು ನಿಲ್ಲದ ಎಲೆ

ಹಾಡಿಯಲ್ಲಿ ಎಲೆ ಹಚ್ಚುವುದನ್ನು ಕಲಿಸುವ ಕಾರ್ಯಕ್ರಮವೂ ಇತ್ತು. ಮುಖಿಯಾರ ಹೆಂಡತಿ ಬಿದಿರುಕಡ್ಡಿ ಚುಚ್ಚಿ ತೋರಿಸುತ್ತಿದ್ದರು, ನಮ್ಮ ಹೆಂಗಸರು ನೋಡಿಕೊಂಡು ಹಚ್ಚುತ್ತಿದ್ದರು. ಊರಲ್ಲಿ ಬಾಳೆಎಲೆ ಹಾಸಿ ಉಂಡವರಿಗೆ ಅದೊಂದು ಸಂಭ್ರಮ.

ಒಂದು ಸಲ ಶಿವಮೊಗ್ಗದ ನಿವೃತ್ತ ಹೆಡ್‌ಮಾಸ್ಟರೊಬ್ಬರು, ಇದರಲ್ಲೇನು ಮಹಾ ವಿದ್ಯೆ ಇದೆ ಅಂತ ತಾವೂ ಕೂತರು. ಹೆಂಗಸರೆಲ್ಲ ಮುಗಿಸಿ ಎದ್ದರೂ ಅವರು ಚುಚ್ಚುತ್ತಲೇ ಇದ್ದರು. ಕೊನೆಗೆ ಎತ್ತಿ ಹಿಡಿದರು. ಎಲೆಯ ಆಚೆ ಕಾಡು ಚೆನ್ನಾಗಿ ಕಾಣುತ್ತಿತ್ತು.

ಮುಖಿಯಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅಪರೂಪಕ್ಕೆ ಒಂದು ಪೂರ್ತಿ ವಾಕ್ಯ ಆಡಿದರು. ಇದರಲ್ಲಿ ಸಾರು ಬಡಿಸಿಕೊಂಡರೆ ಉಣ್ಣುವವನಿಗಿಂತ ಮೊದಲು ಅವನ ಪಂಚೆ ಉಣ್ಣುತ್ತದೆ ಅಂದರು. ಒಳ್ಳೆಯ ಮಾತು. ನನಗೆ ಹೊಳೆಯಲಿಲ್ಲವಲ್ಲ ಅಂತ ಹೊಟ್ಟೆಯಲ್ಲಿ ಸ್ವಲ್ಪ ಚುರುಕ್ ಅಂದದ್ದೂ ನಿಜ. ಒಗ್ಗರಣೆ ಹಾಕದೆ ಇದ್ದದ್ದನ್ನು ಇದ್ದ ಹಾಗೇ ತಿರುಗಿಸಿದೆ.

ಹೆಡ್‌ಮಾಸ್ಟರ ಮುಖ ಕೆಂಪಗಾಯಿತು. ಅವರು ಮುಖಿಯಾರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಅಂಥ ಗಂಭೀರ ಮನುಷ್ಯರು ಅತಿಥಿಗೆ ಹೀಗೆ ಮಾತಾಡುತ್ತಾರೆಯೇ, ಇದು ನಿನ್ನದೇ ಕಿತಾಪತಿ ಅಂದರು. ಅಲ್ಲೇ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುವುದೊಂದು ಬಾಕಿ. ನಾನು ಗಂಗೆಯ ಮೇಲೆ ಆಣೆ ಹಾಕಿದೆ. ಪ್ರಯೋಜನವಾಗಲಿಲ್ಲ. ಹೊರಡುವಾಗ ಮುಖಿಯಾರ ಕೈಹಿಡಿದು, ನನ್ನ ಕಡೆಗೊಂದು ಕಣ್ಣು ಬಿಟ್ಟು ಹೇಳಿದರು.

"ನಿಮ್ಮಂಥವರ ಹೆಸರು ಇಂಥವರಿಂದಲೇ ಕೆಡೋದು."

ಬೇರೆ ದಾರಿಯಿಲ್ಲದೆ ಅದನ್ನೂ ನಾನೇ ಭೋಜಪುರಿಗೆ ತರ್ಜುಮೆ ಮಾಡಿದೆ.

ಗಂಗೆಯ ಮೇಲೆ ಮೌನ

ಕಾಡು ಅವರದು, ಒಪ್ಪಿದೆ. ದೋಣಿ ಮಾತ್ರ ನನ್ನ ಸಾಮ್ರಾಜ್ಯವಾಗಿತ್ತು. ಅಲ್ಲಿ ತರ್ಜುಮೆ ಇಲ್ಲ, ನಾನು ಆಡಿದ್ದೇ ಮಾತು. ಅದರಲ್ಲೂ ಹರಿಶ್ಚಂದ್ರ ಘಾಟಿನ ಎದುರು ದೋಣಿ ನಿಲ್ಲಿಸಿ, ಆ ಚಿತೆಗಳ ಹೊಗೆ ತೋರಿಸಿ, ಹರಿಶ್ಚಂದ್ರ ರಾಜನ ಕಥೆ ತೆಗೆದೆನೆಂದರೆ ಸೆರಗು ಒದ್ದೆಯಾಗದ ಹೆಂಗಸಿರಲಿಲ್ಲ. ಚಂದ್ರಮತಿಯ ಗೋಳಾಟವನ್ನು ನಾನು ಬೇರೆ ಸ್ವರದಲ್ಲೇ ಹೇಳುತ್ತಿದ್ದೆ.

ಒಂದು ಸಲ ಮುಖಿಯಾ ಎಲೆಯ ಕಟ್ಟು ತಲುಪಿಸಲು ಹಿಂದಿನ ದಿನವೇ ಕಾಶಿಗೆ ಬಂದಿದ್ದರು. ಹೇಗೂ ನಮ್ಮ ಬಸ್ಸಿನಲ್ಲೇ ವಾಪಸ್ಸು ಹೋಗುವವರು, ದೋಣಿಗೂ ಬರಲಿ ಅಂತ ಮ್ಯಾನೇಜರು ಹತ್ತಿಸಿದರು. ಆ ಎತ್ತರ, ಆ ಬಿಳಿ ಮೀಸೆ, ಆ ಪೇಟ ಕಂಡದ್ದೇ ತಡ, ಯಾತ್ರಿಕರು ನನಗೆ ಬೆನ್ನು ಹಾಕಿ ಅವರ ಕಡೆ ತಿರುಗಿ ಕೂತರು. ಯಜಮಾನರು ಗಂಗೆಯ ಬಗ್ಗೆ ಎರಡು ಮಾತು ಹೇಳಬೇಕು ಅಂತ ಹಟ ಹಿಡಿದರು.

ಮುಖಿಯಾ ಎರಡೂ ಕೈಯಲ್ಲಿ ದೋಣಿಯ ಹಲಗೆ ಹಿಡಿದುಕೊಂಡು ಕೂತಿದ್ದರು. ಅವರು ನನ್ನ ಕಿವಿಗೆ ಹೇಳಿದ್ದು ಇಷ್ಟು. "ನನಗೆ ನೀರೆಂದರೆ ಪ್ರಾಣ ಹೋಗುತ್ತೆ, ಇವರಿಗೆಲ್ಲ ಮಿಸುಕದೆ ಸುಮ್ಮನೆ ಕೂತುಕೊಳ್ಳಲು ಹೇಳಿ."

ಹಾಗೆ ಹೇಳಿ ಅವರ ಮರ್ಯಾದೆ ತೆಗೆಯಲು ನನಗೆ ಬಾಯಿ ಬರಲಿಲ್ಲ. "ಗಂಗೆಯ ಮಡಿಲಲ್ಲಿ ಮಿಸುಕದೆ, ಮೌನವಾಗಿ ಕೂತವರ ಜೊತೆ ಮಾತ್ರ ಅವಳು ಮಾತಾಡ್ತಾಳಂತೆ" ಅಂದುಬಿಟ್ಟೆ.

ಅಷ್ಟೇ ಸಾಕಾಯಿತು. ಇಡೀ ದೋಣಿ ಕಣ್ಣು ಮುಚ್ಚಿತು. ಕೂಸೊಂದು ಕುಂಯ್ ಅಂದರೂ ತಾಯಿ ಬಾಯಿ ಮುಚ್ಚಿಸಿದಳು. ಹರಿಶ್ಚಂದ್ರ ಘಾಟು ಬಂತು. ನಾನು ಎದ್ದು ನಿಂತು, ಇದೇ ಹರಿಶ್ಚಂದ್ರ ಘಾಟು ಅಂತ ಶುರು ಮಾಡಿದೆ. ಮಂಡ್ಯದವರೊಬ್ಬರು ಕಣ್ಣು ತೆರೆಯದೆಯೇ "ಶ್... ಯಜಮಾನರು ಏನಂದ್ರು?" ಅಂದರು. ಘಾಟು ಹಿಂದೆ ಹೋಯಿತು. ಹರಿಶ್ಚಂದ್ರ, ಚಂದ್ರಮತಿ, ಲೋಹಿತಾಶ್ವ ಮೂವರೂ ನನ್ನ ಗಂಟಲಲ್ಲೇ ಉಳಿದರು.

ದಡಕ್ಕೆ ಬಂದಾಗ ಎಲ್ಲರೂ ಮುಖಿಯಾರಿಗೆ ನಮಸ್ಕಾರ ಮಾಡಿ ಇಳಿದರು. ಕೊನೆಗೆ ಅಂಬಿಗ ನನ್ನ ಪಕ್ಕಕ್ಕೆ ಬಂದು ಕನಿಕರದಿಂದ ಕೇಳಿದ.

"ಏನು ಪಂಡಿತ್‌ಜಿ, ಮನೇಲಿ ಜಗಳವಾ?"

ನನ್ನ ಮುಷ್ಕರ

ಮನೆಯಲ್ಲಿ ಜಗಳ ಇರಲಿಲ್ಲ. ಅವತ್ತಿನ ಮೇಲೆ ಆಯಿತು. ನನ್ನ ಹೆಂಡತಿ ಹುಟ್ಟಿ ಬೆಳೆದದ್ದೇ ಕಾಶಿಯಲ್ಲಿ, ಭೋಜಪುರಿ ನನಗಿಂತ ಚೆನ್ನಾಗಿ ಬರುತ್ತದೆ. ಒಂದು ಸಲ ಪ್ರವಾಸಕ್ಕೂ ಬಂದಿದ್ದಳು. ಯಾರು ಏನು ಹೇಳುತ್ತಾರೆ, ಯಾರು ಹೆಸರು ಹೊಡೆದುಕೊಳ್ಳುತ್ತಾರೆ ಅಂತ ಗೊತ್ತಿದ್ದವಳು ಅವಳೊಬ್ಬಳೇ. ಅವಳ ಹತ್ತಿರವಾದರೂ ನ್ಯಾಯ ಸಿಗುತ್ತದೆ ಅಂತ ಎಲ್ಲ ತೋಡಿಕೊಂಡೆ.

ಅವಳು ಹುಳಿ ಕಲಕುತ್ತಾ, "ಅವರು ಎರಡು ಮಾತಾಡಿ ಸುಮ್ಮನಾಗ್ತಾರೆ. ಅಂಥ ಗಂಡಸರನ್ನ ಕಂಡರೆ ನಂಗೂ ಗೌರವ ಬರುತ್ತೆ ಕಣ್ರೀ" ಅಂದಳು. ಮುಂದಿನ ಸಲ ಹೋಗುವಾಗ ಅವರಿಗೊಂದು ಡಬ್ಬಿ ಹೋಳಿಗೆಯನ್ನೂ ಕಟ್ಟಿಕೊಟ್ಟಳು.

ಆ ಡಬ್ಬಿ ಹೊತ್ತುಕೊಂಡು ಹೋದ ದಿನವೇ ನಾನು ತೀರ್ಮಾನ ಮಾಡಿದೆ. ಇನ್ನು ಮೇಲೆ ಅವರು ಆಡಿದಷ್ಟೇ, ಒಂದಕ್ಷರ ಹೆಚ್ಚಿಲ್ಲ. ಬಂದದ್ದು ಹಾಸನದ ತಂಡ. ಮುಖಿಯಾ ಮರದ ಕೆಳಗೆ ನಿಲ್ಲಿಸಿ ಎಂದಿನಂತೆ ಹೇಳಿದರು. ನಾನು "ಇದು ಇಪ್ಪೆ ಮರ" ಅಂದೆ. ಜನ ಕಾದರು. ನಾನೂ ಕಾದೆ. ಜಲಪಾತದ ಹತ್ತಿರ ಹೋದೆವು. "ಇದು ಜಲಪಾತ" ಅಂದೆ. ಅದು ನಮಗೂ ಕಾಣುತ್ತಿದೆ ಅಂದರು ಒಬ್ಬ ವಕೀಲರು.

ಸಂಜೆ ಛತ್ರಕ್ಕೆ ಬಂದವರೇ ನೇರವಾಗಿ ಮ್ಯಾನೇಜರ ಕೋಣೆಗೆ ನುಗ್ಗಿದರು. ಆ ಯಜಮಾನರ ಮುಖ ನೋಡಿದರೇ ಎಂಥ ಜ್ಞಾನಿ ಅಂತ ಗೊತ್ತಾಗುತ್ತದೆ, ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲನ್ನು ಈ ಮನುಷ್ಯ ನುಂಗಿ ನೀರು ಕುಡಿದಿದ್ದಾನೆ ಅಂತ ದೂರು ಕೊಟ್ಟರು. ಮ್ಯಾನೇಜರು ನನ್ನನ್ನು ಕರೆಸಿ ಬಯ್ಯಲಿಲ್ಲ. ಇಲ್ಲೇ ಭೇಲೂಪುರದ ಯಾವುದೋ ಆಫೀಸಿನಲ್ಲಿ ನಮ್ಮವನೊಬ್ಬ ಗುಮಾಸ್ತ ಇದ್ದಾನೆ, ಎರಡೂ ಭಾಷೆ ಬರುತ್ತದೆ, ಭಾನುವಾರ ಬಿಡುವಾಗಿರುತ್ತಾನೆ ಅಂತ ಮಾತ್ರ ಹೇಳಿ ನನ್ನ ಮುಖ ನೋಡಿದರು. ನನ್ನ ಮುಷ್ಕರ ಅಲ್ಲಿಗೆ ಮುಗಿಯಿತು. ಹೊಗಳಿಕೆ ಮುಖಿಯಾರ ಪಾಲಾಗುವುದನ್ನು ಸಹಿಸಬಹುದು, ಕೆಲಸ ಭೇಲೂಪುರದ ಪಾಲಾಗುವುದನ್ನು ಹೇಗೆ ಸಹಿಸುವುದು?

ಮುಂದಿನ ವಾರ ಇಪ್ಪೆ ಮರದ ಬಗ್ಗೆ ನಾನು ಎಷ್ಟು ಹೊತ್ತು ಹೇಳಿದೆನೆಂದರೆ, ಯಾತ್ರಿಕರು ಓಡಿಹೋಗಿ ಒಂದು ತಂಬಿಗೆ ನೀರು ತಂದರು. ಪಾಪ, ಅಷ್ಟು ಮಾತಾಡಿ ಗಂಟಲು ಒಣಗಿರಬೇಕು ಅಂತ ಮುಖಿಯಾರಿಗೆ ಕುಡಿಸಿದರು.

ಶಾಲು

ಆ ವರ್ಷದ ಕೊನೆಯ ಪ್ರವಾಸಕ್ಕೆ ಧಾರವಾಡದ ತಂಡ ಬಂತು. ಕಾಡು ತೋರಿಸುವವರಿಗೆ ಸನ್ಮಾನ ಮಾಡಬೇಕು ಅಂತಿದ್ದಾರೆ, ಶಾಲು ತಂದಿದ್ದಾರೆ ಅಂತ ಮ್ಯಾನೇಜರು ಹಿಂದಿನ ದಿನವೇ ಹೇಳಿದರು. ಬಸ್ಸಿನಲ್ಲಿ ನಾನೂ ಕಣ್ಣಾರೆ ನೋಡಿದೆ, ಜರಿಯಂಚಿನ ಕೆಂಪು ಶಾಲು, ಒಂದೇ ಒಂದು. ಯಾರಿಗೆ ಅಂತ ನಾನು ಕೇಳಲಿಲ್ಲ. ಕೇಳಬೇಕಾದದ್ದು ಏನಿದೆ? ಇಸ್ತ್ರಿ ಮಾಡಿದ ಪಂಚೆ ಉಟ್ಟಿದ್ದೆ. ಅಯ್ಯೋ ಇದೆಲ್ಲ ಯಾಕೆ ಅಂತ ಸಂಕೋಚದಿಂದ ಬೇಡವೆನ್ನುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿಕೊಂಡು ಬಂದಿದ್ದೆ.

ಎಲ್ಲ ಸುತ್ತಿ ಹಾಡಿಗೆ ಬಂದು ಕೂತೆವು. ತಂಡದ ಹಿರಿಯಾಕೆ, ಯಜಮಾನರು ಕೊನೆಗೊಂದು ಮಾತು ಆಡಲಿ ಅಂದರು. ಎರಡು ಶಬ್ದ ಬರುತ್ತವೆ, ಬಾಕಿಯದನ್ನು ನಾನು ನೋಡಿಕೊಳ್ಳಬೇಕು ಅಂತ ಸಜ್ಜಾದೆ. ಆದರೆ ಮುಖಿಯಾ ಎದ್ದು ನಿಂತರು. ಪೇಟ ತೆಗೆದು ಮತ್ತೆ ಕಟ್ಟಿಕೊಂಡರು. ಇಷ್ಟು ದಿನದಲ್ಲಿ ಮೊದಲನೇ ಸಲ ಉದ್ದಕ್ಕೆ ಮಾತಾಡಿದರು.

"ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ದೆ. ನಾನು ಮಾತಾಡಿದರೆ ನೀವು ಯಾರೂ ನಗಲ್ಲ. ಈ ಪಂಡಿತ್‌ಜಿ ಬಾಯಿ ತೆರೆದರೆ ನಗ್ತೀರಿ, ಅಳ್ತೀರಿ. ಇವರು ಬರೋಕೆ ಮುಂಚೆ ಈ ಹಾಡೀಲಿ ಮಾತುಗಾರ ಅಂದರೆ ನಾನೇ. ಈಗ ನನ್ನ ಹೆಂಡತೀನೇ ಕೇಳ್ತಾಳೆ, ನಿನಗೆ ಆ ಪಂಡಿತನ ಹಾಗೆ ಯಾಕೆ ಮಾತಾಡೋಕೆ ಬರಲ್ಲ ಅಂತ. ಇವರನ್ನ ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ. ನೀವು ಕೇಳಿದ ಸವಿಯೆಲ್ಲ ಇವರದು, ನನ್ನದಲ್ಲ."

ನನ್ನನ್ನು ನೋಡಿ ಹೊಟ್ಟೆ ಉರಿದುಕೊಂಡವರೂ ಇದ್ದಾರೆ, ಅದೂ ಈ ಮನುಷ್ಯ. ಜನ್ಮ ಸಾರ್ಥಕವಾಯಿತು ಅನ್ನಿಸಿತು. ಈ ಮಾತಿಗೆ ಒಗ್ಗರಣೆ ಯಾತಕ್ಕೆ? ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ತಿರುಗಿಸಿ ಹೇಳಿದೆ. ಹೇಳಿ ಮುಗಿಸಿ, ಶಾಲು ಹೊದಿಸುವವರಿಗೆ ಅನುಕೂಲವಾಗಲಿ ಅಂತ ತಲೆ ಸ್ವಲ್ಪ ಬಗ್ಗಿಸಿ ನಿಂತೆ.

ಒಬ್ಬರೂ ನಗಲಿಲ್ಲ. ಹಿರಿಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಎಂಥಾ ದೊಡ್ಡ ಮನಸ್ಸರೀ ಇವರದು. ತಮ್ಮ ಮಾತಿನ ಹೆಸರೆಲ್ಲಾ ತರ್ಜುಮೆ ಮಾಡಾಂವಗ ಕೊಟ್ಟಬಿಟ್ಟರಲ್ಲ. ನೀವು ಒಂದ ದಿನಾರ ಇವರನ್ನ ಹಿಂಗ ಹೊಗಳೀರೇನು?" ಅಂತ ನನ್ನನ್ನು ಕೇಳಿದರು. ಎಲ್ಲರೂ ಹೌದ್ಹೌದು ಅಂದರು. ಶಾಲು ನನ್ನ ತಲೆಯ ಮೇಲಿಂದ ದಾಟಿ ಹೋಗಿ ಮುಖಿಯಾರ ಹೆಗಲೇರಿತು. ಯಾರೋ ಕ್ಯಾಮೆರಾ ತೆಗೆದು, ಫೋಟೋಕ್ಕ ಅಡ್ಡ ಬರ್ತೀರಿ, ಸ್ವಲ್ಪ ಸರೀರಿ ಅಂದರು. ನಾನು ಸರಿದೆ.

ಫೋಟೋ ಎಲ್ಲ ಮುಗಿದ ಮೇಲೆ ಮುಖಿಯಾ, ಆ ಬಿಸಿಲಲ್ಲಿ ಶಾಲು ಹೊದ್ದುಕೊಂಡು ಬೆವರುತ್ತಾ, ನನ್ನನ್ನು ಪಕ್ಕಕ್ಕೆ ಎಳೆದರು. ಮುಖದಲ್ಲಿ ಚಿಂತೆ.

"ಪಂಡಿತ್‌ಜಿ, ಇವತ್ತು ಯಾರೂ ನಗಲೇ ಇಲ್ಲ. ಏನು ಹೇಳಿದಿರಿ ಅವರಿಗೆ?"

"ನೀವು ಹೇಳಿದ್ದನ್ನೇ ಹೇಳಿದೆ" ಅಂದೆ.

ಮುಖಿಯಾ ನನ್ನ ಹೆಗಲ ಮೇಲೆ ಕೈಯಿಟ್ಟು ನಿಟ್ಟುಸಿರುಬಿಟ್ಟರು. "ಮತ್ತೆ, ಕೆಲಸ ಕೆಟ್ಟಿದ್ದೇ ಅಲ್ಲಿ" ಅಂದರು.