ಪೆರೂಜಾದಿಂದ ಬಂದ ಕಾರ್ಡುಗಳು

ಸಂಶಯಪಡಲು ನಮ್ಮ ಮಾನ್ವಿಯ ಮಂದಿಗೆ ದೊಡ್ಡ ಕಾರಣವೇನೂ ಬೇಡ. ನನ್ನ ವಿಷಯದಲ್ಲಿ ಒಂದು ಚಿತ್ರದ ಕಾರ್ಡು ಸಾಕಾಯಿತು. ಎಪ್ಪತ್ತರ ದಶಕ. ನಾನು ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರ. ಇಟಲಿಯ ಪೆರೂಜಾ ಎಂಬ ಊರಿನ ನಿವೃತ್ತ ಮಾಸ್ತರರೊಬ್ಬರು ನನ್ನ ಪತ್ರಮಿತ್ರರು. ಸಮುದ್ರದಿಂದ ದೂರ, ಗುಡ್ಡದ ನೆತ್ತಿಯ ಮೇಲೆ ಕೂತ ಊರದು. ಪ್ರತಿ ಕಾರ್ಡಿನಲ್ಲೂ ಅದರದೇ ವರ್ಣನೆ.

೧. ಕ್ಷೇಮವಿಲ್ಲದ ಕಾಗದ

ಮೊದಲ ಕಾರ್ಡನ್ನು ಅಂಚೆಯವನು ಸುಲಭಕ್ಕೆ ಕೈಗೆ ಕೊಡಲಿಲ್ಲ.

"ಪೋಸ್ಟ್ ಮಾಸ್ತರ ಕಡೆ ಓದಿಸೀನ್ರಿ ಸರ. ಊರು ಎತ್ತರದಾಗ ಅದ, ಓಣಿ ತುಂಬ ಮೆಟ್ಟಲ ಅದಾವ ಅಂತ ಬರದಾರ. ಆರಾಮ ಇದ್ದೀರೇನು ಅಂತ ಒಂದು ಮಾತಿಲ್ಲ, ಮಳಿ-ಬೆಳಿ ಸುದ್ದಿ ಇಲ್ಲ. ಇದಕ್ಕ ಕಾಗದ ಅಂತಾರೇನ್ರಿ?"

"ಅವರ ಕಡೆ ಹಂಗಪಾ" ಅಂದೆ. ಅವನು ಒಪ್ಪಲಿಲ್ಲ. ಎರಡನೆಯ ಕಾರ್ಡು ಬಂದಾಗ ಮೂಲೆಯಲ್ಲಿ ಪೆನ್ಸಿಲ್ಲಿನಿಂದ 'ಇಲ್ಲಿ ಎಲ್ಲಾರೂ ಕ್ಷೇಮ' ಎಂದು ತಾನೇ ಬರೆದು ತಂದಿದ್ದ.

೨. ಐದು ಅಗಸಿ

ಆ ಕಾರ್ಡಿನಲ್ಲಿ ಊರ ಸುತ್ತಲಿನ ಹಳೇ ಗೋಡೆ, ಐದು ದೊಡ್ಡ ಅಗಸಿ ಬಾಗಿಲು, ನೆಲದಡಿಯ ಓಣಿಗಳ ವಿವರವಿತ್ತು. ತುರ್ತು ಪರಿಸ್ಥಿತಿಯ ಕಾಲ. ಹವಾಲ್ದಾರರು ಮನೆಗೇ ಬಂದರು.

"ಮಾಸ್ತರ, ಕೋಟಿ, ಅಗಸಿ, ಸುರಂಗ ಎಲ್ಲಾ ನಿಮಗ್ಯಾಕ ಹೇಳಾಕತ್ತಾನ ಅಂವ? ನಮ್ಮ ರಾಯಚೂರು ಕೋಟಿ ಬಗ್ಗೆ ನೀವೇನು ಬರದೀರಿ? ಖರೆ ಹೇಳ್ರಿ."

ನಾನು ನಿಜಕ್ಕೂ ಹೆದರಿದೆ. "ಬ್ಯಾಸಿಗ್ಯಾಗ ಕಲ್ಲು ಕಾದು ಕಾಲು ಸುಡತಾವ, ಎಲ್ಲೂ ನೆರಳಿಲ್ಲ ಅಂತ ಬರದೀನ್ರಿ."

ಹವಾಲ್ದಾರರು ಟೋಪಿ ಹಾಕಿಕೊಂಡು ಎದ್ದರು. "ಚಲೋ ಮಾಡಿದ್ರಿ. ಇನ್ನ ಯಾವ ವೈರಿನೂ ಈ ಕಡೆ ಬರಂಗಿಲ್ಲ."

೩. ಅರಕೇರಾದ ಅಜ್ಜಿ

ಅಷ್ಟರಲ್ಲಿ ಅರಕೇರಾದಲ್ಲಿ ಹೆಣ್ಣು ಗೊತ್ತಾಗಿತ್ತು. ಹುಡುಗಿ ನನ್ನ ಮನಸ್ಸಿಗೆ ಬಹಳ ಬಂದಿದ್ದಳು. ಆದರೆ ಮಾನ್ವಿಯ ಸುದ್ದಿ ನನಗಿಂತ ಮೊದಲೇ ಬಸ್ಸು ಹತ್ತಿತ್ತು. ನಿಶ್ಚಯಕ್ಕೆ ಹೋದರೆ ಎಲ್ಲರ ಮುಖವೂ ಗಂಟು. ಹುಡುಗಿಯ ಸೋದರಮಾವ ಕೇಳಿಯೇ ಬಿಟ್ಟ:

"ಪರದೇಶದಾಗ ಒಬ್ಬಾಕಿ ನಿಮಗ ಕಾಗದ ಬರೀತಾಳಂತಲ್ರಿ?"

ಪಾಠಕ್ಕೆಂದು ಚೀಲದಲ್ಲಿಟ್ಟಿದ್ದ ಕಾರ್ಡು ತೆಗೆದೆ. "ಆಕಿ ಅಲ್ರಿ, ಎಪ್ಪತ್ತು ವರ್ಷದ ಮುದುಕ. ಒಬ್ಬನೇ ಇರ್ತಾನ. ಲಗ್ನಾನೇ ಆಗಿಲ್ಲ."

"ನೌಕರಿ ಮಾಡಿದಾಂವ, ಸ್ವಂತ ಮನಿ ಇದ್ದಾಂವ. ಲಗ್ನ ಆಗಿಲ್ಲಂದ್ರ ಯಾರು ನಂಬತಾರ?"

ಸಂಬಂಧ ಮುರಿಯಿತೆಂದೇ ಅಂದುಕೊಂಡೆ. ಹುಡುಗಿಯ ಅಜ್ಜಿ ಕಾರ್ಡನ್ನು ಇಸಿದುಕೊಂಡು ಕಣ್ಣಿಗೆ ಹಿಡಿದಳು.

"ಯಪ್ಪಾ, ಓಣಿ ತುಂಬ ಮೆಟ್ಟಲ, ಮನಿ ಎಲ್ಲಾ ಗುಡ್ಡದ ಮ್ಯಾಲೆ ಅದಾವಲ್ಲ, ನೀರು ಎಲ್ಲಿಂದ?"

"ಹಿಂದಕ್ಕ ಬಾಳ ದೂರದಿಂದ ತರಬೇಕಾಗಿತ್ತಂತ, ಯವ್ವಾ."

ಅಜ್ಜಿ ಕಾರ್ಡನ್ನು ಸೋದರಮಾವನ ಕೈಗೆ ತುರುಕಿದಳು. "ನಿಶ್ಚಯದ ಸಕ್ಕರಿ ತರ್ರಿ. ಹುಡುಗ ಖರೇನೇ ಹೇಳಾಕತ್ತಾನ. ಕೊಡ ಹೊತ್ತು ಅಷ್ಟು ಮೆಟ್ಟಲ ಹತ್ತಬೇಕಾದ ಊರಿಗೆ ಯಾರು ಹೆಣ್ಣು ಕೊಟ್ಟಾರು?"